ಊರೊಳಗಿನ ಹಳಿ, ಊರಾಚೆಯ ನೆಲ: ಸರಕು ರೈಲುಮಾರ್ಗಗಳ ಸ್ಥಳಾಂತರ ಮತ್ತು ಜನಪದ ಬದುಕು

ನಗರಗಳ ನಡುವೆ ಹಾದುಹೋಗುವ ಸರಕು ರೈಲುಮಾರ್ಗಗಳನ್ನೂ ಸರಕು ಇಳಿಸುವ ತಾಣಗಳನ್ನೂ ಊರಿನಿಂದ ಹೊರಕ್ಕೆ ಸಾಗಿಸುವ ಪ್ರಶ್ನೆ ಸಾಮಾನ್ಯವಾಗಿ ಎಂಜಿನಿಯರುಗಳ, ನಗರ ಯೋಜಕರ ಮತ್ತು ವರ್ತಕ ಸಂಘಗಳ ಚರ್ಚೆಗೆ ಸೀಮಿತವಾಗಿದೆ. ಜಾನಪದ ಅಧ್ಯಯನವು ಈ ವಿಷಯದತ್ತ ಹೆಚ್ಚು ಗಮನ ಹರಿಸಿಲ್ಲ. ಹಳ್ಳಿಯ ಹಾಡು, ಕಥೆ, ಒಗಟು, ಆಚರಣೆಗಳೇ ಜಾನಪದದ ನೆಲೆಯೆಂದು ಬಹುಕಾಲ ಭಾವಿಸಿದ್ದು ಇದಕ್ಕೆ ಒಂದು ಕಾರಣ. ಆದರೆ ರೈಲುಹಳಿಯ ಬದಿಯಲ್ಲಿಯೂ ಒಂದು ಜನಸಮುದಾಯ ನಾಲ್ಕಾರು ತಲೆಮಾರುಗಳಿಂದ ಬದುಕಿದೆ. ಅದಕ್ಕೆ ತನ್ನದೇ ಆದ ದುಡಿಮೆಯ ಕ್ರಮ, ನುಡಿಗಟ್ಟು, ದೈವ, ಸ್ಥಳನಾಮಗಳಿವೆ. ಹಳಿ ಕಿತ್ತು ಬೇರೆಡೆ ಹಾಕಿದಾಗ ಇವೆಲ್ಲವೂ ಅಲುಗುತ್ತವೆ. ಹಾಗೆಯೇ ಹೊಸ ಹಳಿ ಹಾಯುವ ಹಳ್ಳಿಗಳ ಹೊಲ, ಗೋಮಾಳ, ಗುಡಿ, ಗಡಿಗಳೂ ಅಲುಗುತ್ತವೆ. ಈ ಎರಡು ತುದಿಗಳನ್ನು ಒಟ್ಟಿಗೆ ಇಟ್ಟು ನೋಡದೆ ಸ್ಥಳಾಂತರದ ಲಾಭನಷ್ಟವನ್ನು ಪೂರ್ಣವಾಗಿ ಎಣಿಸಲಾಗದು ಎಂಬುದು ಪ್ರಸ್ತುತ ಲೇಖನದ ನಿಲುವು. ಬೆಂಗಳೂರು ಮತ್ತು ದಾವಣಗೆರೆ ನಗರಗಳ ನಿದರ್ಶನಗಳನ್ನೂ, ಬಿಳಿಚೋಡು ಮುಂತಾದ ಜಗಳೂರು ಸೀಮೆಯ ಗ್ರಾಮಗಳಿಗೆ ಪರಿಚಿತವಾದ ಆಚರಣಾ ಪರಂಪರೆಯನ್ನೂ ಇಲ್ಲಿ ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

ಹಳಿ ಬಂದ ಬಗೆ

ಮೈಸೂರು ಸಂಸ್ಥಾನದ ನೆಲಕ್ಕೆ ರೈಲು ಬಂದದ್ದು ಮದರಾಸಿನ ಕಡೆಯಿಂದ. ಮದರಾಸು ರೈಲ್ವೆ ಕಂಪನಿಯು ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ಹಾಕಿದ ಮಾರ್ಗ 1864ರಲ್ಲಿ ತೆರೆಯಿತು. 1876–78ರ ಭೀಕರ ಕ್ಷಾಮದ ಸಮಯದಲ್ಲಿ ಹಸಿದವರಿಗೆ ಕೂಲಿ ಒದಗಿಸುವ ಪರಿಹಾರ ಕಾಮಗಾರಿಯಾಗಿ ಬೆಂಗಳೂರು–ಮೈಸೂರು ಮಾರ್ಗದ ಕೆಲಸ ಆರಂಭವಾಯಿತು. ಬಳಿಕ ತುಮಕೂರು, ಗುಬ್ಬಿಗಳ ಮೂಲಕ ಉತ್ತರಾಭಿಮುಖವಾಗಿ ಸಾಗಿದ ಹಳಿಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಯು 1889ರ ಹೊತ್ತಿಗೆ ಹರಿಹರದವರೆಗೆ ಮುಟ್ಟಿಸಿತು. ದಾವಣಗೆರೆಗೆ ರೈಲು ಬಂದದ್ದು ಈ ಮಾರ್ಗದ ಮೂಲಕವೇ. ಸ್ವಾತಂತ್ರ್ಯಾನಂತರ 1951ರಲ್ಲಿ ರಚನೆಯಾದ ದಕ್ಷಿಣ ರೈಲ್ವೆಗೂ, 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಆರಂಭವಾದ ನೈರುತ್ಯ ರೈಲ್ವೆಗೂ ಈ ಮಾರ್ಗಗಳು ಸೇರುತ್ತ ಬಂದವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮದರಾಸಿನ ಕಡೆಯಿಂದ ಬಂದ ಹಳಿ ಅಗಲವಾದ ಬ್ರಾಡ್‌ಗೇಜ್. ಮೈಸೂರು, ಹರಿಹರಗಳ ಕಡೆಗೆ ಹೋದದ್ದು ಕಿರಿದಾದ ಮೀಟರ್‌ಗೇಜ್. ಒಂದರ ಬಂಡಿ ಇನ್ನೊಂದರ ಮೇಲೆ ಓಡದು. ಆದ್ದರಿಂದ ಒಂದು ಕಡೆಯಿಂದ ಬಂದ ಸರಕನ್ನು ಬೆಂಗಳೂರಿನಲ್ಲಿ ಇಳಿಸಿ ಮತ್ತೊಂದು ಕಡೆಯ ಬಂಡಿಗೆ ಏರಿಸಬೇಕಿತ್ತು. ಹಳಿಯ ಅಳತೆಯ ಈ ಒಡಕೇ ಸಾವಿರಾರು ಹೆಗಲುಗಳಿಗೆ ದುಡಿಮೆ ಒದಗಿಸಿತು. 1992ರಲ್ಲಿ ದೇಶದಲ್ಲಿ ಏಕಗೇಜ್ ಯೋಜನೆ ಆರಂಭವಾಗಿ, ಆ ದಶಕದಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗವೂ ಬ್ರಾಡ್‌ಗೇಜ್ ಆದಾಗ ಈ ಏರಿಳಿಕೆಯ ಕೆಲಸ ಇಲ್ಲವಾಯಿತು. ಅಂದರೆ ಸರಕಿನ ತಾಣಗಳು ಊರು ಬಿಡುವ ಜೊತೆಜೊತೆಯಲ್ಲೇ ಅಲ್ಲಿನ ದುಡಿಮೆಯ ಒಂದು ಭಾಗವೂ ಸದ್ದಿಲ್ಲದೆ ಮರೆಯಾಗಿತ್ತು.

ದಾವಣಗೆರೆಯ ಕಥೆ ಇನ್ನೊಂದು ಬಗೆಯದು. ದಣಿದವರು ನೀರು ಕುಡಿದ ಕೆರೆ ಎಂಬ ಅರ್ಥದಲ್ಲಿ ಒಂದು, ದನಗಳನ್ನು ಕಟ್ಟುವ ದಾವಣಿಯಿಂದ ಇನ್ನೊಂದು ಎಂಬಂತೆ ಊರಿನ ಹೆಸರಿಗೆ ಜನ ಬೇರೆಬೇರೆ ನಿಷ್ಪತ್ತಿ ಹೇಳುತ್ತಾರೆ. ಭಾಷಾಶಾಸ್ತ್ರದ ದೃಷ್ಟಿಯಿಂದ ಇವು ನಿಲ್ಲುತ್ತವೆಯೋ ಇಲ್ಲವೋ ಬೇರೆ ಮಾತು; ದಾರಿಹೋಕರು, ಎತ್ತುಗಳು, ಸರಕು ತಂಗುವ ಠಾವು ಇದು ಎಂಬ ಜನಸ್ಮೃತಿ ಎರಡರಲ್ಲಿಯೂ ಒಂದೇ. ಹೈದರಾಲಿಯ ಕಾಲದಲ್ಲಿ ಮರಾಠಾ ಸರದಾರ ಅಪೋಜಿರಾಮನಿಗೆ ಜಹಗೀರಾಗಿ ದೊರೆತ ಬಳಿಕ ವರ್ತಕರು ಇಲ್ಲಿ ನೆಲೆಸಿ ಪೇಟೆ ಬೆಳೆಯಿತು. ರೈಲು ಬಂದ ಮೇಲೆ ಹತ್ತಿಯ ಜಿನ್ನಿಂಗ್ ಕಾರ್ಖಾನೆಗಳು, ಬಟ್ಟೆ ಗಿರಣಿಗಳು, ದಲ್ಲಾಳಿ ಅಂಗಡಿಗಳು ಹುಟ್ಟಿಕೊಂಡು ಊರು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಯಿತು. ಮಂಡಿಪೇಟೆ, ಚೌಕಿಪೇಟೆ ಎಂಬ ಹೆಸರುಗಳು ಆ ವ್ಯಾಪಾರ ಜೀವನದ ಗುರುತುಗಳು. ಹಳಿ ಊರಿನ ಅಂಚಿನಲ್ಲಿತ್ತು. ಊರು ಬೆಳೆದು ಹಳಿಯನ್ನು ದಾಟಿತು. ಮುಂದೆ ಅದೇ ಹಳಿ ಊರನ್ನು ಎರಡು ಪಾಲಾಗಿಸಿತು. ಅಶೋಕ ಚಿತ್ರಮಂದಿರದ ಬಳಿಯ ರೈಲ್ವೆ ಗೇಟು ದಶಕಗಳ ಕಾಲ ದಾವಣಗೆರೆಯ ನಾಗರಿಕರ ದೂರಿನ ವಸ್ತುವಾಗಿದ್ದುದಕ್ಕೆ ಇದೇ ಹಿನ್ನೆಲೆ. ಸಮಯ ತಪ್ಪಿದವನು 'ಗೇಟು ಬಿತ್ತು' ಎಂದು ಹೇಳುವ ಮಾತು ರೈಲುಹಳಿಯ ಊರುಗಳಲ್ಲೆಲ್ಲ ಒಂದು ಸಮಜಾಯಿಷಿಯಾಗಿಯೇ ನೆಲೆಗೊಂಡಿದೆ.

ಗೂಡ್ಸ್ ಶೆಡ್ ಎಂಬ ದುಡಿಮೆಯ ಲೋಕ

ರೈಲ್ವೆಯ ಕಡತದಲ್ಲಿ ಗೂಡ್ಸ್ ಶೆಡ್ ಎಂದರೆ ಸರಕು ಏರಿಸಿ ಇಳಿಸುವ ಒಂದು ಕಟ್ಟೆ ಮತ್ತು ಚಾವಣಿ. ಜನರ ಬಾಯಲ್ಲಿ ಅದು 'ಗೂಡ್‌ಶೆಡ್ಡು'. ನಸುಕಿನಲ್ಲಿ ತೆರೆದು ನಡುರಾತ್ರಿಯವರೆಗೆ ಮುಚ್ಚದ ಒಂದು ಪೇಟೆ. ಹಮಾಲರು, ಅವರ ಮೇಸ್ತ್ರಿ, ಚೀಲ ಎಣಿಸುವ ಗುಮಾಸ್ತ, ತೂಕದವನು, ಎತ್ತಿನ ಗಾಡಿಯವರು, ನಂತರದ ಕಾಲದಲ್ಲಿ ಲಾರಿ ಚಾಲಕರು ಮತ್ತು ಕ್ಲೀನರುಗಳು, ನೆಲಕ್ಕೆ ಚೆಲ್ಲಿದ ಕಾಳನ್ನು ಗುಡಿಸಿ ಕೇರಿ ಹಸನು ಮಾಡುವ ಹೆಂಗಸರು, ಹರಿದ ಚೀಲ ಹೊಲಿಯುವವರು, ಚಹಾ ಮತ್ತು ಮಂಡಕ್ಕಿ ಮಾರುವವರು ಎಲ್ಲರೂ ಒಂದೇ ರೇಕಿನ ಆಗಮನವನ್ನು ನೆಚ್ಚಿ ಬದುಕುವವರು. ಇವರಲ್ಲಿ ಬಹುಪಾಲು ಜನ ರೈಲ್ವೆಯ ನೌಕರರಲ್ಲ. ಸರಕಿನ ಒಡೆಯನೋ ಗುತ್ತಿಗೆದಾರನೋ ಚೀಲದ ಲೆಕ್ಕದಲ್ಲಿ ಕೊಡುವ ಕೂಲಿಯೇ ಇವರ ಆದಾಯ.

ಈ ಲೋಕದ ಜ್ಞಾನ ಬರಹದಲ್ಲಿಲ್ಲ, ದೇಹದಲ್ಲಿದೆ. ಭಾರದ ಚೀಲವನ್ನು ಬೆನ್ನಿನ ಯಾವ ಎಲುಬಿಗೆ ಒರಗಿಸಬೇಕು, ವ್ಯಾಗನ್ನಿನಿಂದ ಕಟ್ಟೆಗೆ ಹಾಸಿದ ಹಲಗೆಯ ಮೇಲೆ ಹೆಜ್ಜೆಯ ಅಂತರ ಎಷ್ಟಿರಬೇಕು, ಕೊಕ್ಕೆಯನ್ನು ನೂಲು ಹರಿಯದಂತೆ ಎಲ್ಲಿ ಸಿಕ್ಕಿಸಬೇಕು ಎಂಬುದನ್ನು ಹೊಸಬ ಹಳಬನ ಹಿಂದೆ ನಡೆದೇ ಕಲಿಯುತ್ತಾನೆ. ಒಟ್ಟಾಗಿ ಎಳೆಯುವ, ನೂಕುವ ಕೆಲಸದಲ್ಲಿ 'ಐಲೇಸಾ' ಎಂಬ ಕೂಗು ಬಲವನ್ನು ಒಂದು ಕ್ಷಣಕ್ಕೆ ಕೂಡಿಸುತ್ತದೆ. ಒಬ್ಬ ಕರೆಕೊಟ್ಟು ಉಳಿದವರು ಓಗೊಡುವ ಈ ಕ್ರಮ ಬಂಡೆ ಸಾಗಿಸುವವರಲ್ಲಿ, ದೋಣಿ ಎಳೆಯುವವರಲ್ಲಿ, ತೇರು ಎಳೆಯುವವರಲ್ಲಿ ಇರುವ ಕ್ರಮವೇ ಆಗಿದೆ. ಕಣದಲ್ಲಿ ಕಾಳು ಅಳೆಯುವಾಗ ಮೊದಲ ಕೊಳಗವನ್ನು 'ಒಂದು' ಎನ್ನದೆ 'ಲಾಭ' ಎಂದು ಎಣಿಸುವ ರೈತನ ನಂಬಿಕೆ ಮಂಡಿಯ ಕಟ್ಟೆಗೂ ಬಂದಿದೆ. ದನದ ಜಾತ್ರೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ಗುಟ್ಟಿನ ಭಾಷೆಯೂ ಅಂತೆಯೇ. ಕಣ, ಮಂಡಿ, ಗೂಡ್ಸ್ ಶೆಡ್ ಈ ಮೂರೂ ಒಂದೇ ಸರಪಣಿಯ ಕೊಂಡಿಗಳಾಗಿದ್ದುದರಿಂದ ಕೃಷಿ ಜಾನಪದವು ರೈಲುಹಳಿಯವರೆಗೂ ಹರಿದು ಬಂತು.

ಭಾಷೆಯ ಮಟ್ಟಿಗೂ ಇದು ಒಂದು ಸಂಗಮ. ಇಂಗ್ಲಿಷಿನ ವ್ಯಾಗನ್, ರೇಕ್, ಡೆಮರೇಜ್. ಉರ್ದು, ಮರಾಠಿಗಳ ದಾರಿಯಲ್ಲಿ ಬಂದ ಹಮಾಲ, ಪಾವತಿ, ದಲಾಲ. ಕನ್ನಡದ ಕೊಕ್ಕೆ, ಸಿಂಬೆ, ಮೂಟೆ ಇವೆಲ್ಲ ಒಂದೇ ವಾಕ್ಯದೊಳಗೆ ಕಲೆತು ನಿಲ್ಲುತ್ತವೆ. ನಿರಕ್ಷರಿಯಾದ ಹಮಾಲನೂ 'ಡ್ಯಾಮರೇಜು' ಎಂದರೆ ಏನೆಂದು ಬಲ್ಲ: ನಿಗದಿತ ತಾಸುಗಳೊಳಗೆ ಬಂಡಿ ಖಾಲಿಯಾಗದಿದ್ದರೆ ರೈಲ್ವೆ ವಿಧಿಸುವ ದಂಡ ಅದು. ಆ ದಂಡದ ಭಯವೇ ಅವನ ರಾತ್ರಿಯ ದುಡಿಮೆಗೆ ಕಾರಣ. ಆಯುಧಪೂಜೆಯ ದಿನ ಕೊಕ್ಕೆ, ತಕ್ಕಡಿ, ತಳ್ಳುಗಾಡಿಗಳಿಗೆ ಕುಂಕುಮವಿಟ್ಟು ಪೂಜೆ ಸಲ್ಲುತ್ತದೆ. ಹಲವು ಸರಕು ಕಟ್ಟೆಗಳ ಬದಿಯಲ್ಲಿ ಹನುಮಂತನದೋ ಅಮ್ಮನದೋ ಒಂದು ಚಿಕ್ಕ ಗುಡಿ ಕಾಣಸಿಗುತ್ತದೆ. ಭಾರ ಹೊರುವವರಿಗೆ ಬೆಟ್ಟ ಹೊತ್ತ ದೈವ ಹತ್ತಿರದವನಾಗಿ ತೋರುವುದು ಸಹಜ.

ಸ್ಥಳಾಂತರದ ಒತ್ತಡ

ಹೀಗೆ ಊರನ್ನು ಬೆಳೆಸಿದ ಹಳಿಯೇ ಊರಿಗೆ ಭಾರವಾಗುವುದು ಹೇಗೆಂಬುದನ್ನು ಅರಿಯಲು ಕೆಲವು ಲೆಕ್ಕಗಳು ನೆರವಾಗುತ್ತವೆ. ಆಹಾರಧಾನ್ಯ, ರಸಗೊಬ್ಬರ, ಸಿಮೆಂಟು ಸಾಗಿಸುವ ಮುಚ್ಚಿದ ವ್ಯಾಗನ್‌ಗಳ ಒಂದು ರೇಕಿನಲ್ಲಿ ಸಾಮಾನ್ಯವಾಗಿ 42 ವ್ಯಾಗನ್‌ಗಳಿದ್ದು, ಅದು ಹೊರುವ ಭಾರ ಸುಮಾರು 2,600 ಟನ್. ಐವತ್ತು ಕಿಲೋ ಚೀಲಗಳಾಗಿ ಎಣಿಸಿದರೆ 52,000 ಚೀಲಗಳು. ಹದಿನಾರರಿಂದ ಇಪ್ಪತ್ತು ಟನ್ ಹೊರುವ ಲಾರಿಗಳಲ್ಲಿ ಇಷ್ಟನ್ನು ಸಾಗಿಸಲು 130ರಿಂದ 160 ಸಲ ಲಾರಿ ತುಂಬಬೇಕು. ಒಂದು ರೇಕು ಬಂದಿತೆಂದರೆ ಅಷ್ಟು ಲಾರಿಗಳು ಊರ ನಡುವಿನ ಕಿರಿದಾದ ಬೀದಿಗಳಿಗೆ ಇಳಿಯಬೇಕು. ಹಗಲಿನಲ್ಲಿ ಭಾರಿ ವಾಹನಗಳಿಗೆ ನಗರ ಪ್ರವೇಶ ನಿಷೇಧವಿದ್ದರೆ ಸರಕು ಕಟ್ಟೆಯ ಮೇಲೆಯೇ ಉಳಿಯುತ್ತದೆ, ದಂಡ ಏರುತ್ತದೆ.

ಇನ್ನು ಹಾದುಹೋಗುವ ಗಾಡಿಗಳ ಮಾತು. ಇಂಥ ಒಂದು ಸರಕು ರೈಲಿನ ಉದ್ದ 650ರಿಂದ 700 ಮೀಟರ್. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಅದು ಒಂದು ಗೇಟನ್ನು ದಾಟಲು ನೂರು ಸೆಕೆಂಡು ಸಾಕು. ಆದರೆ ಗೇಟು ಮುಚ್ಚಿದ ಬಳಿಕವೇ ರೈಲಿಗೆ ಸಿಗ್ನಲ್ ದೊರೆಯುವ ವ್ಯವಸ್ಥೆಯಿರುವುದರಿಂದ ರಸ್ತೆ ಮುಚ್ಚಿರುವ ಅವಧಿ ಅದರ ಹಲವು ಪಟ್ಟು. ಪ್ರಯಾಣಿಕರ ರೈಲಿಗೆ ದಾರಿ ಬಿಡಲು ಸರಕು ರೈಲು ನಿಲ್ದಾಣದ ಪಕ್ಕದ ಹಳಿಯಲ್ಲಿ ತಾಸುಗಟ್ಟಲೆ ಕಾಯುವುದೂ ಉಂಟು. ಹೀಗಾಗಿ ಸ್ಥಳಾಂತರವೆಂಬ ಒಂದೇ ಮಾತಿನಲ್ಲಿ ಎರಡು ಬೇರೆ ಕಾರ್ಯಗಳಿವೆ. ಒಂದು, ಏರಿಸಿ ಇಳಿಸುವ ತಾಣವನ್ನು ಹೊರಗೆ ಒಯ್ಯುವುದು. ಇನ್ನೊಂದು, ಊರಿನಲ್ಲಿ ಕೆಲಸವೇ ಇಲ್ಲದ ಹಾದುಹೋಕ ಗಾಡಿಗಳಿಗೆ ಊರು ಬಳಸಿ ಹೋಗುವ ಮಾರ್ಗ ಕಟ್ಟುವುದು. ಮೊದಲನೆಯದರಿಂದ ಹಮಾಲರ ದುಡಿಮೆಗೆ ನೇರ ಪೆಟ್ಟು ಬೀಳುತ್ತದೆ. ಎರಡನೆಯದರಿಂದ ಹೊರಗಿನ ರೈತರ ಭೂಮಿಗೆ. ಸಾರ್ವಜನಿಕ ಚರ್ಚೆಗಳಲ್ಲಿ ಇವೆರಡನ್ನು ಬೆರೆಸುವುದರಿಂದ ಯಾರು ಏನನ್ನು ಕಳೆದುಕೊಳ್ಳುತ್ತಾರೆಂಬುದು ಮಸುಕಾಗುತ್ತದೆ.

ಬೆಂಗಳೂರಿನ ಅನುಭವ

ಬೆಂಗಳೂರು ಈ ಎರಡೂ ಬಗೆಯ ಸ್ಥಳಾಂತರಗಳನ್ನು ಕಂಡಿದೆ. ಹಳೆಯ ಪೇಟೆಯ ತರಗುಪೇಟೆ, ಅಕ್ಕಿಪೇಟೆ, ಅರಳೆಪೇಟೆಗಳಿಗೆ ಸಮೀಪವಾಗಿ ಸಿಟಿ ರೈಲು ನಿಲ್ದಾಣದ ಸರಕು ಕಟ್ಟೆ ಇತ್ತು. ಪೇಟೆ ಮತ್ತು ಕಟ್ಟೆಗಳ ನಡುವಣ ಹಾದಿ ಎತ್ತಿನ ಗಾಡಿಗೆ ಎಟಕುವ ಅಂತರದ್ದು. ದೇಶದ ಮೊದಲ ಒಳನಾಡು ಕಂಟೇನರ್ ತಾಣ 1981ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತು. ಮುಂದೆ ಕಂಟೇನರ್ ವ್ಯವಹಾರವೂ ಸಗಟು ಸರಕಿನ ದೊಡ್ಡ ಪಾಲೂ ನಗರದ ಪೂರ್ವಕ್ಕೆ ವೈಟ್‌ಫೀಲ್ಡ್‌ನಲ್ಲಿ ನೆಲೆಗೊಂಡವು. ಅಲ್ಲಿನ ಸರಕು ನಿಲ್ದಾಣಕ್ಕೆ ಸ್ಯಾಟಲೈಟ್ ಗೂಡ್ಸ್ ಟರ್ಮಿನಲ್ ಎಂಬ ಹೆಸರೇ ಬಂತು. ಊರಿಗೆ ಉಪಗ್ರಹ, ಊರಿನೊಳಗಣದ್ದಲ್ಲ ಎಂಬುದು ಅದರ ಅರ್ಥ. ಇಷ್ಟಾದರೂ ಮೆಜೆಸ್ಟಿಕ್ ಸಮೀಪದ ಟಿ.ಸಿ.ಎಂ. ರಾಯನ್ ರಸ್ತೆಯನ್ನು ಹಳಬರು ಇಂದಿಗೂ ಗೂಡ್ಸ್ ಶೆಡ್ ರಸ್ತೆ ಎಂದೇ ಕರೆಯುತ್ತಾರೆ. ತಾಣ ಹೋದ ಮೇಲೆಯೂ ಹೆಸರು ಉಳಿಯುವುದು ಸ್ಥಳನಾಮ ಅಧ್ಯಯನಕ್ಕೆ ಹೊಸ ಸಂಗತಿಯಲ್ಲ; ಆದರೆ ಆ ಹೆಸರಿನ ಹಿಂದಿನ ದುಡಿಮೆಯ ನೆನಪು ಹೆಸರಿನಷ್ಟು ಗಟ್ಟಿಯಾಗಿ ಉಳಿಯದು.

ವೈಟ್‌ಫೀಲ್ಡ್‌ನ ಮುಂದಿನ ಇತಿಹಾಸ ಇನ್ನೊಂದು ಪಾಠ ಹೇಳುತ್ತದೆ. 1882ರಲ್ಲಿ ಆಂಗ್ಲೋ ಇಂಡಿಯನ್ನರ ಕೃಷಿ ವಸಾಹತಾಗಿ ಹುಟ್ಟಿದ ಆ ಊರು 1990ರ ದಶಕದವರೆಗೂ ಬೆಂಗಳೂರಿನ ಹೊರಗಣ ಹಳ್ಳಿಗಾಡು. ಮಾಹಿತಿ ತಂತ್ರಜ್ಞಾನದ ಸಂಕೀರ್ಣಗಳು ಬಂದ ಬಳಿಕ ಒಂದೇ ತಲೆಮಾರಿನೊಳಗೆ ಅದು ನಗರದ ಅತಿ ಇಕ್ಕಟ್ಟಿನ ಭಾಗಗಳಲ್ಲಿ ಒಂದಾಯಿತು. ಊರಾಚೆಗೆಂದು ಕಳುಹಿಸಿದ ಸರಕಿನ ಕಟ್ಟೆ ಮತ್ತೆ ಊರೊಳಗೇ ಸಿಕ್ಕಿಕೊಂಡಿತು. ಇದೇ ಮಾತು ಬೈಯಪ್ಪನಹಳ್ಳಿಯಿಂದ ಬಾಣಸವಾಡಿ, ಹೆಬ್ಬಾಳ, ಲೊಟ್ಟೆಗೊಲ್ಲಹಳ್ಳಿಗಳ ಮೂಲಕ ಯಶವಂತಪುರ ಸೇರುವ ಮಾರ್ಗಕ್ಕೂ ಸಲ್ಲುತ್ತದೆ. ಸಿಟಿ ನಿಲ್ದಾಣವನ್ನು ಮುಟ್ಟದೆ ಸರಕು ರೈಲುಗಳು ಸಾಗಲು ನೆರವಾದ ಆ ಮಾರ್ಗದ ಎರಡೂ ಬದಿ ಇಂದು ಮನೆಗಳು ಒತ್ತಿ ನಿಂತಿವೆ.

ಈಗ ಚರ್ಚೆಯಲ್ಲಿರುವುದು ಇವಕ್ಕಿಂತ ದೊಡ್ಡ ವರ್ತುಲ. ನಿಡವಂದ, ದೊಡ್ಡಬಳ್ಳಾಪುರ, ದೇವನಹಳ್ಳಿ, ಮಾಲೂರು, ಹೀಲಲಿಗೆ, ಹೆಜ್ಜಾಲ, ಸೋಲೂರುಗಳನ್ನು ಬಳಸಿ ಮತ್ತೆ ನಿಡವಂದಕ್ಕೆ ಸೇರುವ ಸುಮಾರು 287 ಕಿಲೋಮೀಟರಿನ ವರ್ತುಲ ರೈಲುಮಾರ್ಗದ ಅಂತಿಮ ಸ್ಥಳ ಸಮೀಕ್ಷೆಗೆ 2023ರಲ್ಲಿ ಒಪ್ಪಿಗೆ ದೊರೆಯಿತು. ನಗರದೊಳಗಿನ ಹಳಿಗಳ ಮೇಲಿನ ಒತ್ತಡ ತಗ್ಗಿಸುವುದು ಇದರ ಉದ್ದೇಶಗಳಲ್ಲಿ ಒಂದು. 2020ರಲ್ಲಿ ಕೇಂದ್ರ ಸರ್ಕಾರದ ಅನುಮೋದನೆ ಪಡೆದ 148 ಕಿಲೋಮೀಟರಿನ ಉಪನಗರ ರೈಲು ಯೋಜನೆಯನ್ನೂ ಇದರೊಡನೆ ಇಟ್ಟು ನೋಡಬೇಕು. ಜನರಿಗೆ ಒಳಗಣ ಹಳಿ, ಸರಕಿಗೆ ಹೊರಗಣ ಹಳಿ ಎಂಬ ವಿಭಜನೆ ಇಲ್ಲಿ ಸ್ಪಷ್ಟವಾಗುತ್ತದೆ.

ಬೇರೆ ನೆಲಗಳ ನಿದರ್ಶನ

ಈ ಸಮಸ್ಯೆ ಕರ್ನಾಟಕಕ್ಕೆ ಮೀಸಲಾದದ್ದಲ್ಲ. ಅಮೆರಿಕದ ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳ ಸರಕನ್ನು ಸಾಗಿಸಲು 2002ರಲ್ಲಿ ತೆರೆದ ಅಲಮೀಡ ಕಾರಿಡಾರ್ 32 ಕಿಲೋಮೀಟರ್ ಉದ್ದದ್ದು. ಅದರ ಸುಮಾರು ಅರ್ಧ ಭಾಗ ನೆಲಮಟ್ಟದಿಂದ ಕೆಳಗೆ ತೋಡಿದ ಕಾಲುವೆಯಂಥ ದಾರಿಯಲ್ಲಿ ಸಾಗುತ್ತದೆ. ಹರಡಿಹೋಗಿದ್ದ ಹಳೆಯ ಮಾರ್ಗಗಳ ಸಂಚಾರವನ್ನು ಅಲ್ಲಿಗೆ ಕೂಡಿಸಿದ್ದರಿಂದ ಸುಮಾರು 200 ರೈಲ್ವೆ ಗೇಟುಗಳ ತೊಡಕು ನೀಗಿತು. ಹಳಿಯನ್ನು ಇನ್ನೊಬ್ಬರ ಊರಿಗೆ ಕಳುಹಿಸದೆ ತಮ್ಮ ನೆಲದಲ್ಲೇ ತಗ್ಗಿಸಿಕೊಂಡ ಕ್ರಮವಿದು, ವೆಚ್ಚ ಅಪಾರ.

ಕೆನಡಾದ ಲಾಕ್ ಮೆಗಾಂಟಿಕ್ ಪಟ್ಟಣದ ನಿದರ್ಶನ ದುರಂತದ್ದು. 2013ರ ಜುಲೈ 6ರಂದು ಕಚ್ಚಾತೈಲ ಹೊತ್ತ ಸರಕು ರೈಲೊಂದು ತಾನಾಗಿ ಉರುಳಿ ಬಂದು ಪಟ್ಟಣದ ನಡುವೆ ಹಳಿ ತಪ್ಪಿ ಹೊತ್ತಿಕೊಂಡಿತು. 47 ಜನ ಸತ್ತರು. ಹಳಿಯನ್ನು ಪಟ್ಟಣದ ಹೊರಗೆ ಒಯ್ಯಬೇಕೆಂಬ ಬೇಡಿಕೆಗೆ ಸರ್ಕಾರ ಒಪ್ಪಿತು. ಆದರೆ ಹೊಸ ಮಾರ್ಗ ಹಾಯಬೇಕಾದ ನೆರೆಯ ಫ್ರಾಂಟೆನಾಕ್ ಊರಿನವರು ತಮ್ಮ ಬಾವಿಗಳ ನೀರು, ಜೌಗುನೆಲ, ಹೊಲಗಳು ಹಾಳಾಗುತ್ತವೆಂದು ಎದ್ದು ನಿಂತರು. 2023ರ ಜನಮತದಲ್ಲಿ ಭಾರಿ ಬಹುಮತದಿಂದ ಅದನ್ನು ವಿರೋಧಿಸಿದರು. ನೊಂದ ಪಟ್ಟಣದ ಬೇಡಿಕೆಯೂ ನ್ಯಾಯವಾದುದು, ನೆರೆಯೂರಿನ ಆತಂಕವೂ ನ್ಯಾಯವಾದುದು. ಸ್ಥಳಾಂತರದ ನಿಜವಾದ ಕಷ್ಟವಿರುವುದು ಇಲ್ಲಿ.

ಊರಾಚೆ ಎಂಬ ಕಲ್ಪನೆ

ಈ ಕಷ್ಟವನ್ನು ಅರ್ಥಮಾಡಿಕೊಳ್ಳಲು ನಮ್ಮ ಜನಪದ ಪರಂಪರೆಯಲ್ಲಿಯೇ ಒಂದು ಸಾಧನವಿದೆ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಗ್ರಾಮಗಳಲ್ಲಿ ಆಷಾಢದ ಸುಮಾರಿಗೆ ಅಜ್ಜಿಹಬ್ಬ ಅಥವಾ ಹೋಳಿಗೆಮ್ಮನ ಹಬ್ಬ ಎಂಬ ಆಚರಣೆ ನಡೆಯುತ್ತದೆ. ಬಿಳಿಚೋಡು ಹೋಬಳಿಯನ್ನು ಒಳಗೊಂಡ ಜಗಳೂರು ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚಿತ್ರದುರ್ಗ ಜಿಲ್ಲೆಯ ಭಾಗವೇ ಆಗಿದ್ದು, ಈ ಸೀಮೆಯ ಸಂಸ್ಕೃತಿಗೆ ಸೇರಿದ್ದು. ಮನೆ ಸಾರಿಸಿ, ಹೋಳಿಗೆ ಮಾಡಿ, ಮೊರದಲ್ಲಿ ಬೇವಿನ ಸೊಪ್ಪು, ಅರಿಶಿನ ಕುಂಕುಮ, ಬಳೆಗಳೊಡನೆ ಎಡೆಯಿಟ್ಟು ಹೆಂಗಸರು ಅದನ್ನು ಊರ ಗಡಿಯವರೆಗೆ ಹೊತ್ತು ಬಿಟ್ಟುಬರುತ್ತಾರೆ. ಸಿಡುಬು, ದಡಾರದಂಥ ಬೇನೆಗಳ ಒಡತಿಯಾದ ಅಜ್ಜಿಯನ್ನು ಉಪಚರಿಸಿ ಊರು ದಾಟಿಸುವುದು ಇದರ ಆಶಯ. ಗಡಿಯಲ್ಲಿ ಬಿಟ್ಟದ್ದನ್ನು ಮುಂದಿನ ಊರಿನವರು ತಮ್ಮ ಇನ್ನೊಂದು ಗಡಿಗೆ ಸಾಗಿಸುತ್ತಾರೆ. ಅವರಿಂದ ಅದು ಮತ್ತೊಂದು ಊರಿಗೆ.

ಈ ಆಚರಣೆಯ ಎರಡು ಅಂಶಗಳು ಪ್ರಸ್ತುತ ಚರ್ಚೆಗೆ ಮುಖ್ಯ. ಮೊದಲನೆಯದು, ಹೊರಗೆ ಕಳುಹಿಸುವುದನ್ನು ತಿರಸ್ಕಾರದಿಂದ ಕಳುಹಿಸುವುದಿಲ್ಲ. ಮಡಿಲು ತುಂಬಿ, ಹೋಳಿಗೆ ಉಣಿಸಿ, ಗೌರವದಿಂದ ಬೀಳ್ಕೊಡಲಾಗುತ್ತದೆ. ಎರಡನೆಯದು, ಒಂದು ಊರಿನ ಹೊರಗು ಇನ್ನೊಂದು ಊರಿನ ಒಳಗು ಎಂಬ ಅರಿವು ಆಚರಣೆಯಲ್ಲಿಯೇ ಅಡಗಿದೆ. ಗಡಿ ದಾಟಿಸಿದೊಡನೆ ಕೇಡು ಇಲ್ಲವಾಗುವುದಿಲ್ಲ, ಅದು ಮುಂದಿನವರ ಹೊಣೆಯಾಗುತ್ತದೆ. ಆ ಮುಂದಿನವರೂ ಅದನ್ನು ಸಾಗಿಸಲು ಸಿದ್ಧರಿರಬೇಕು. ನಗರ ಯೋಜನೆಯ ಭಾಷೆಯಲ್ಲಿ 'ಹೊರವಲಯ' ಎಂಬ ಮಾತು ನಕ್ಷೆಯ ಖಾಲಿ ಜಾಗವನ್ನು ಸೂಚಿಸುತ್ತದೆ. ಜನಪದರ ಭಾಷೆಯಲ್ಲಿ ಊರಾಚೆ ಎಂಬುದು ಎಂದೂ ಖಾಲಿಯಲ್ಲ. ಅಲ್ಲಿ ಗಡಿಕಲ್ಲು ಇದೆ, ಮಾರಮ್ಮನ ಗುಡಿ ಇದೆ, ಗುಂಡುತೋಪು ಇದೆ, ಸುಡುಗಾಡು ಇದೆ, ದನಗಳು ನೀರಿಗೆ ಹೋಗುವ ಹಾದಿ ಇದೆ, ಕೆರೆಗೆ ನೀರು ತರುವ ಹಳ್ಳವಿದೆ.

ರೈಲುಮಾರ್ಗದ ಏರಿ ಹಾಯ್ದರೆ ಇವುಗಳಲ್ಲಿ ಹಲವಕ್ಕೆ ಪರಿಹಾರಧನದ ಪಟ್ಟಿಯಲ್ಲಿ ಸ್ಥಾನವಿರುವುದಿಲ್ಲ. ಪಹಣಿಯಲ್ಲಿ ಹೆಸರಿರುವ ಹೊಲಕ್ಕೆ ಬೆಲೆ ಕಟ್ಟಬಹುದು; ದನದ ಹಾದಿಗೆ, ವರ್ಷಕ್ಕೊಮ್ಮೆ ದೇವರು ಗಂಗೆಗೆ ಹೋಗುವ ದಾರಿಗೆ ಬೆಲೆ ಕಟ್ಟುವ ಕ್ರಮವಿಲ್ಲ. 2014ರ ಜನವರಿ 1ರಂದು ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯ್ದೆಯು ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಕಡ್ಡಾಯಗೊಳಿಸಿತಾದರೂ ಅದರ ನಾಲ್ಕನೆಯ ಅನುಸೂಚಿಯಲ್ಲಿ ಹೆಸರಿಸಿದ ಕಾಯ್ದೆಗಳ ಅಡಿಯಲ್ಲಿ ನಡೆಯುವ ಸ್ವಾಧೀನಕ್ಕೆ ಆ ಅಧ್ಯಯನ ಕಡ್ಡಾಯವಲ್ಲ. 1989ರ ರೈಲ್ವೆ ಕಾಯ್ದೆ ಆ ಅನುಸೂಚಿಯಲ್ಲಿದೆ. 2015ರಿಂದ ಹೆಚ್ಚಿನ ಪರಿಹಾರಧನದ ನಿಯಮಗಳು ಇದಕ್ಕೂ ಅನ್ವಯಿಸುತ್ತಿರುವುದು ಸಮಾಧಾನದ ಸಂಗತಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿಯೂ ರೈಲುಮಾರ್ಗಗಳು ಸೇರಿಲ್ಲ. ಹಾಗಾಗಿ ಹಳಿ ಹಾಯುವ ಹಳ್ಳಿಯವರು ತಮ್ಮ ನೆಲದ ಅರ್ಥವನ್ನು ಹೇಳಿಕೊಳ್ಳಲು ಕಾನೂನಿನ ವೇದಿಕೆಗಳು ಕಿರಿದಾಗಿವೆ.

ಕನ್ನಡ ಜನಪದ ಕಥನಗೀತೆಗಳಲ್ಲಿ 'ಕೆರೆಗೆ ಹಾರ' ಬಹು ಪ್ರಸಿದ್ಧವಾದುದು. ನೀರು ಬಾರದ ಕೆರೆಗೆ ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು ಆಹುತಿ ಕೊಡುವ ಕಥೆ ಅದು. ಊರಿಗೆ ಉಪಕಾರವಾಗುವ ಕಾಮಗಾರಿಗೆ ಬೆಲೆ ತೆರುವವರು ಯಾರು ಎಂಬ ಪ್ರಶ್ನೆಯನ್ನು ಈ ಗೀತೆ ನೂರಾರು ವರ್ಷಗಳಿಂದ ಕೇಳುತ್ತಲೇ ಇದೆ. ಸೇತುವೆ, ರೈಲುಮಾರ್ಗಗಳ ನಿರ್ಮಾಣಕಾಲದಲ್ಲಿ ನರಬಲಿಯ ವದಂತಿಗಳು ದೇಶದ ಹಲವೆಡೆ ಹಬ್ಬಿದ್ದುದನ್ನು ಇದರೊಡನೆ ಹೋಲಿಸಬಹುದು. ವದಂತಿ ಸುಳ್ಳಾದರೂ ಅದರ ಹಿಂದಿನ ಅನುಭವ ಸುಳ್ಳಲ್ಲ. ಮನೆಯೊಳಗೆ ಮಾತಿನ ಬಲವಿಲ್ಲದ ಕಿರಿಯ ಸೊಸೆಯೇ ಆಯ್ಕೆಯಾದಂತೆ, ಹಳಿಯ ಸ್ಥಳಾಂತರದಲ್ಲಿಯೂ ಮಾತಿನ ಬಲವಿಲ್ಲದವರೇ ಎರಡೂ ತುದಿಗಳಲ್ಲಿ ಎದುರಾಗುತ್ತಾರೆ: ಒಳಗಿನ ತುದಿಯಲ್ಲಿ ಹಮಾಲ, ಹೊರಗಿನ ತುದಿಯಲ್ಲಿ ಸಣ್ಣ ಹಿಡುವಳಿದಾರ.

ಮುಂದಿನ ಕಾರ್ಯ

ಇಷ್ಟರಿಂದ ಸ್ಥಳಾಂತರವೇ ಕೂಡದೆಂದು ತೀರ್ಮಾನಿಸುವುದು ಸರಿಯಲ್ಲ. ಗೇಟಿನ ಮುಂದೆ ಸಿಕ್ಕಿಕೊಳ್ಳುವ ರೋಗಿಯ ವಾಹನ, ಹಳಿ ದಾಟಿ ಶಾಲೆಗೆ ಹೋಗುವ ಮಕ್ಕಳ ಅಪಾಯ, ಸಿಮೆಂಟು ಮತ್ತು ಗೊಬ್ಬರದ ದೂಳಿನಲ್ಲಿ ಬದುಕುವ ಕೇರಿಗಳ ಆರೋಗ್ಯ ಇವು ಕಡೆಗಣಿಸುವ ಸಂಗತಿಗಳಲ್ಲ. ಗೂಡ್ಸ್ ಶೆಡ್ಡಿನ ದುಡಿಮೆಯನ್ನು ಭಾವುಕವಾಗಿ ವೈಭವೀಕರಿಸುವುದೂ ತಪ್ಪು. ಜೀವಮಾನವಿಡೀ ಮೂಟೆ ಹೊತ್ತವನ ಸವೆದ ಮೊಣಕಾಲು, ಬಾಗಿದ ಬೆನ್ನು ಆ ಪರಂಪರೆಯ ಇನ್ನೊಂದು ಮುಖ. ಯೂರಿಯಾ ಚೀಲದ ತೂಕ 2018ರಲ್ಲಿ ಐವತ್ತು ಕಿಲೋದಿಂದ ನಲವತ್ತೈದಕ್ಕೆ ಇಳಿದದ್ದೂ ಅವನಿಗೆ ದೊಡ್ಡ ಸುದ್ದಿಯೇ. ಯಂತ್ರಗಳು ಈ ಭಾರವನ್ನು ಹೊತ್ತರೆ ಒಳ್ಳೆಯದು. ಯಂತ್ರ ಬಂದಾಗ ಭಾರದೊಡನೆ ಅವನ ಅನ್ನವೂ ಹೋಗಬಾರದು.

ನೆರೆಯ ಮಹಾರಾಷ್ಟ್ರವು 1969ರಲ್ಲಿಯೇ ಮಾಥಾಡಿ ಮತ್ತು ಹಮಾಲ ಕಾರ್ಮಿಕರಿಗಾಗಿ ಪ್ರತ್ಯೇಕ ಕಾಯ್ದೆ ತಂದು, ಮಂಡಳಿಗಳ ಮೂಲಕ ಅವರ ನೋಂದಣಿ, ಕೂಲಿ ಪಾವತಿ, ಭವಿಷ್ಯನಿಧಿಗಳಿಗೆ ದಾರಿ ಮಾಡಿತು. ಕರ್ನಾಟಕದಲ್ಲಿ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯು ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರನ್ನು ಗುರುತಿಸುತ್ತದೆ. ಸರಕು ತಾಣವೊಂದು ಊರು ಬಿಡುವಾಗ ಅಲ್ಲಿ ದುಡಿಯುವವರ ಪಟ್ಟಿ ಮೊದಲೇ ಸಿದ್ಧವಾಗಿದ್ದರೆ ಹೊಸ ತಾಣದಲ್ಲಿ ಅವರಿಗೆ ಆದ್ಯತೆ ಕೊಡಲು, ಬೆಳಗಿನ ಜಾವದ ಸಾರಿಗೆ ಕಲ್ಪಿಸಲು ಸಾಧ್ಯ. ಪಟ್ಟಿಯಿಲ್ಲದಿದ್ದರೆ ಹೊಸ ಕಟ್ಟೆಗೆ ಹೊಸ ಗುತ್ತಿಗೆದಾರ, ಹೊಸ ಕೂಲಿಗಳು ಬರುತ್ತಾರೆ. ಹಳಬರು ನಗರದ ಅನಾಮಧೇಯ ದಿನಗೂಲಿಗಳಾಗಿ ಕರಗುತ್ತಾರೆ.

ಜಾನಪದ ವಿದ್ವಾಂಸರ ಪಾಲಿಗೂ ಇಲ್ಲಿ ತುರ್ತು ಕೆಲಸವಿದೆ. ಅಣೆಕಟ್ಟಿನಲ್ಲಿ ಮುಳುಗುವ ಗ್ರಾಮಗಳ ದೇವಾಲಯ, ಶಾಸನಗಳನ್ನು ದಾಖಲಿಸುವ ರೂಢಿ ನಮ್ಮಲ್ಲಿದೆ. ರೈಲುಹಳಿ ಎತ್ತುವ ಮುನ್ನ ಅದರ ಬದಿಯ ಬದುಕನ್ನು ದಾಖಲಿಸುವ ರೂಢಿ ಇನ್ನೂ ಬಂದಿಲ್ಲ. ಹಮಾಲರ ವೃತ್ತಿಪದಗಳ ಕೋಶ, ದುಡಿಮೆಯ ಕೂಗುಗಳ ಧ್ವನಿಮುದ್ರಣ, ಕಟ್ಟೆಯ ಗುಡಿಗಳ ಆಚರಣೆ, ಮೀಟರ್‌ಗೇಜ್ ಕಾಲವನ್ನು ಕಂಡ ಹಿರಿಯರ ಮೌಖಿಕ ಚರಿತ್ರೆ ಇವನ್ನು ಈಗ ಸಂಗ್ರಹಿಸದಿದ್ದರೆ ಮುಂದೆ ಸಂಗ್ರಹಿಸಲು ಜನವೇ ಇರುವುದಿಲ್ಲ. ಹೊಸ ಮಾರ್ಗ ಹಾಯುವ ಗ್ರಾಮಗಳಲ್ಲಿ ಗಡಿಕಲ್ಲು, ದೇವರ ಹಾದಿ, ದನದ ಹಾದಿ, ನೀರಿನ ಹಾದಿಗಳ ನಕ್ಷೆಯನ್ನು ಊರವರ ಬಾಯಿಂದ ಕೇಳಿ ಬರೆದು, ಅಂತಿಮ ಸಮೀಕ್ಷೆಗೆ ಮುನ್ನವೇ ಎಂಜಿನಿಯರುಗಳ ಕೈಗೆ ಒದಗಿಸಬೇಕು. ಹಾದಿ ಎಲ್ಲಿದೆಯೆಂದು ಗೊತ್ತಿದ್ದರೆ ಕೆಳಸೇತುವೆಯನ್ನು ಅಲ್ಲಿಗೆ ಕೂಡಿಸುವುದು ಕಷ್ಟವಲ್ಲ. ಏರಿ ಎದ್ದ ಮೇಲೆ ಅದನ್ನು ಒಡೆಯುವುದೇ ಕಷ್ಟ.

ಬೆಂಗಳೂರಿನ ವರ್ತುಲ ಮಾರ್ಗವಾಗಲಿ, ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೂಲಕ ದಾವಣಗೆರೆಯನ್ನು ಮುಟ್ಟಲು ಯೋಜಿಸಲಾದ ಹೊಸ ಮಾರ್ಗವಾಗಲಿ ಬಯಲುಸೀಮೆಯ ಒಣಭೂಮಿಯ ಮೇಲೆಯೇ ಹಾಯಬೇಕು. ಮಳೆಯನ್ನೇ ನಂಬಿದ ಈ ನೆಲದಲ್ಲಿ ಕೆರೆಗೆ ಹರಿಯುವ ಒಂದು ಹಳ್ಳ ತಪ್ಪಿದರೆ ಒಂದು ಊರಿನ ಬದುಕೇ ತಪ್ಪುತ್ತದೆ. ನಗರದ ಉಸಿರುಗಟ್ಟು ನೀಗಬೇಕು ಎಂಬುದು ಎಷ್ಟು ನಿಜವೋ, ಅದಕ್ಕಾಗಿ ಹೊರಗಣ ಊರಿನ ಒಪ್ಪಿಗೆ, ಗೌರವ ಮತ್ತು ಪಾಲು ಬೇಕೆಂಬುದೂ ಅಷ್ಟೇ ನಿಜ. ಇದನ್ನು ನಿರೂಪಿಸಬಲ್ಲ ಸಾಮಗ್ರಿಯನ್ನು ಒದಗಿಸುವುದು ಜಾನಪದ ಸಂಶೋಧನೆಯ ಹೊಣೆ.